ಎಡ ಅಂಚಿಗೆ ಮಾತ್ರ ಅಂಟು

ಬೆಳಗಿನ ಐದೂಕಾಲು. ಪ್ರಾಂತ್ಯ ಪರಿಷತ್ತಿನ ದೊಡ್ಡ ಕಟ್ಟಡ ಇನ್ನೂ ಮಲಗಿದೆ. ಹಿಂಬದಿಯ ಒಂದು ಕೋಣೆಯಲ್ಲಿ ಮಾತ್ರ ದೀಪ. ಅಲ್ಲಿ ಕರೆಂಟ್ ಒಲೆಯ ಮೇಲೆ ತಳ ಕಪ್ಪಾದ ಪಾತ್ರೆಯಿದೆ, ಪಾತ್ರೆಯಲ್ಲಿ ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಐವತ್ನಾಲ್ಕರ ಸಣಕಲು ಹೆಂಗಸೊಬ್ಬರು ಮರದ ಸೌಟು ಹಿಡಿದು, ಪಾತ್ರೆಯಿಂದ ಕಣ್ಣು ಕೀಳದೆ ಕೈಯಾಡಿಸುತ್ತಿದ್ದಾರೆ. "ಗಂಟಾದ್ರೆ ಮುಗೀತು. ಕಾನೂನು ಅಲ್ಲಲ್ಲೇ ಉಬ್ಬಿಕೊಳ್ಳುತ್ತೆ" ಎನ್ನುತ್ತಾರೆ. ಕೊನೆಗೆ ಚಿಟಿಕೆ ಮೈಲುತುತ್ತ ಬೀಳುತ್ತದೆ. ಅದು ಹುಳ ಹಿಡಿಯದಿರಲೆಂದು. "ಕಾನೂನು ಓದೋರಿಗಿಂತ ತಿನ್ನೋ ಹುಳಾನೇ ಜಾಸ್ತಿ ಇಲ್ಲಿ."

ಇವರನ್ನು ಇಡೀ ಕಚೇರಿ ಕರೆಯುವುದು ಚೀಟಿಯಕ್ಕ ಎಂದು. ಪರಿಷತ್ತಿನ ಕಾರ್ಯದರ್ಶಿಯೂ ಹಾಗೇ ಕರೆಯುತ್ತಾರೆ. ಇವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ.

ಚೀಟಿಯಕ್ಕನ ಕೆಲಸವೇನೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಕಾಲಕ್ಕೆ ಈ ಪ್ರಾಂತ್ಯದ ನಲ್ಲಿ ಕೆಟ್ಟರೂ ಅಪ್ಪಣೆ ರಾಜಧಾನಿಯಿಂದ ಬರಬೇಕಿತ್ತು. ಆಮೇಲೆ ಜನ ಕೇಳಿದರು, ಜಗಳವಾಡಿದರು, ಕೂತು ಮಾತಾಡಿದರು. ಶಾಲೆ, ನೀರು, ರಸ್ತೆ, ಆಸ್ಪತ್ರೆ ಹೀಗೆ ಒಂದೊಂದೇ ಅಧಿಕಾರ ಇಲ್ಲಿನ ಪರಿಷತ್ತಿಗೆ ಬಂತು. ಆದರೆ ಕಾನೂನು ಪುಸ್ತಕಗಳನ್ನು ಯಾರೂ ಹೊಸದಾಗಿ ಅಚ್ಚು ಹಾಕಲಿಲ್ಲ. 'ರಾಜಧಾನಿಯ ಮಂತ್ರಾಲಯ' ಎಂದಿರುವ ಕಡೆಯೆಲ್ಲ 'ಪ್ರಾಂತ್ಯ ಪರಿಷತ್ತು' ಎಂಬ ಅಚ್ಚಾದ ಚೀಟಿ ಅಂಟಿಸಿಕೊಳ್ಳಿ ಎಂದುಬಿಟ್ಟರು. ಭಾಷಣ ಮಾಡಿದವರ ಫೋಟೋ ಮುಂದಿನ ಹಜಾರದಲ್ಲಿದೆ, ಅಂಟಿಸಿದವರು ಈ ಹಿಂದಿನ ಕೋಣೆಯಲ್ಲಿದ್ದಾರೆ.

ಕಚೇರಿ, ನ್ಯಾಯಾಲಯ, ಶಾಲೆ, ಆರೋಗ್ಯ ಕೇಂದ್ರ ಎಲ್ಲ ಸೇರಿ ನೂರ ಎಂಬತ್ತಾರು ಕಡೆ ಈ ಪುಸ್ತಕಗಳಿವೆ. ಇಪ್ಪತ್ನಾಲ್ಕು ವರ್ಷದಲ್ಲಿ ಇವರು ಅಂಟಿಸಿದ ಚೀಟಿ ಲಕ್ಷ ದಾಟಿದೆ. ಬಲಗೈ ಹೆಬ್ಬೆರಳ ತುದಿ ನುಣ್ಣಗಾಗಿ ಗೆರೆಗಳೇ ಅಳಿಸಿಹೋಗಿವೆ. ಹೊಸ ಹಾಜರಿ ಯಂತ್ರ ಇವರ ಬೆರಳನ್ನು ಒಪ್ಪುವುದಿಲ್ಲವಂತೆ. "ದಿನಾ ಗೈರುಹಾಜರಿ ನಾನು. ಪಾಪ, ಅದಕ್ಕೇನು ಗೊತ್ತು" ಎಂದು ನಗುತ್ತಾರೆ.

ಅಂಟಿಸುವುದಕ್ಕೂ ಒಂದು ಕ್ರಮವಿದೆ. ಅಂಟು ಚೀಟಿಯ ಎಡ ಅಂಚಿಗೆ ಮಾತ್ರ, ಕಡ್ಡಿಯಷ್ಟು ಅಗಲ. ಉಳಿದದ್ದು ಬಾಗಿಲಿನ ಹಾಗೆ ತೆರೆಯಬೇಕು. "ಕೆಳಗಿರೋದನ್ನ ಪೂರ್ತಿ ಮುಚ್ಚಬಾರದು. ಮೊದ್ಲು ಯಾರ ಕೈಲಿತ್ತು ಅಂತ ಬೇಕಾದೋರು ಎತ್ತಿ ನೋಡ್ಬೇಕು." ಚೀಟಿಯ ಬೆನ್ನಿಗೆ ಅಂಟಿಸಿದ ದಿನ, ಗಂಟೆ, ಒಂದು ಪುಟ್ಟ ಸಹಿ. ಎಲ್ಲವೂ ಪೆನ್ಸಿಲ್ಲಿನಲ್ಲಿ, ಏಕೆಂದರೆ ಶಾಯಿ ಹಾಳೆಯಾಚೆಗೆ ಇಳಿಯುತ್ತದೆ.

ಇವತ್ತು ಮೇಜಿನ ಮೇಲೆ ಆರೋಗ್ಯ ಕಾನೂನಿನ ಅರವತ್ತೆರಡು ಪ್ರತಿಗಳಿವೆ. ಎಲ್ಲವೂ ಇನ್ನೂರ ಹನ್ನೆರಡನೇ ಪುಟಕ್ಕೆ ತೆರೆದಿವೆ. ಊರೂರಿನ ಆರೋಗ್ಯ ಕೇಂದ್ರಕ್ಕೆ ನರ್ಸುಗಳನ್ನು ಯಾರು ನೇಮಿಸಬೇಕು ಎನ್ನುವ ಸಾಲು ಅಲ್ಲಿದೆ. ಆ ಅಧಿಕಾರ ಪರಿಷತ್ತಿಗೆ ಬಂದು ಇಪ್ಪತ್ತು ವರ್ಷ. ಕೊಟ್ಟದ್ದೂ ಇಪ್ಪತ್ತೇ ವರ್ಷಕ್ಕೆ. ಇವತ್ತು ಕೊನೆಯ ದಿನ. ಮುಂದುವರಿಸುವುದೋ ವಾಪಸ್ ಪಡೆಯುವುದೋ ಎಂದು ರಾಜಧಾನಿಯ ಸಭೆ ನಿನ್ನೆ ಮಧ್ಯಾಹ್ನ ಕೂತದ್ದು ಇನ್ನೂ ಎದ್ದಿಲ್ಲ.

ಅಚ್ಚಿನ ಮನೆಗೆ ಮೂರು ದಿನ ಬೇಕು, ಹಾಗಾಗಿ ಎರಡೂ ಬಗೆಯ ಚೀಟಿ ಮೊದಲೇ ಬಂದಿವೆ. ಬಲಗಡೆ ಡ್ರಾಯರಿನಲ್ಲಿ 'ಮುಂದುವರಿದಿದೆ', ಎಡಗಡೆಯದರಲ್ಲಿ 'ಮಂತ್ರಾಲಯಕ್ಕೆ ಮರಳಿದೆ'. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಎರಡನ್ನೂ ತೆಗೆದು ನೋಡಿದೆ. ಒಂದು ಎಳೆಯೂ ಆಚೀಚೆ ಇಲ್ಲದಂತೆ ಒಂದೇ ಅಳತೆಗೆ ಕತ್ತರಿಸಿದ್ದಾರೆ.

"ಬೇಡದ ಚೀಟಿ ಅಂತ ಸೊಟ್ಟಗೆ ಕತ್ತರಿಸೋಕಾಗುತ್ತಾ? ಅದು ಬಂದ್ರೂ ನಾನೇ ತಾನೇ ಅಂಟಿಸಬೇಕು."

ಬೇಡದ್ದು ಯಾವುದೆಂದು ಕೇಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಆ ಕಡೆ ಬೆಟ್ಟದ ಆರೋಗ್ಯ ಕೇಂದ್ರದ ನರ್ಸು, ಇವರ ಅಕ್ಕನ ಮಗಳು.

"ಚಿಕ್ಕಮ್ಮ, ಏನಾದ್ರೂ ಗೊತ್ತಾಯ್ತಾ?"

"ಇಲ್ಲ ಕಣೇ. ತಿಂಡಿ ತಿಂದ್ಯಾ?"

"ತಿಂಡಿ ಹಾಳಾಗ್ಲಿ. ವಾಪಸ್ ಹೋದ್ರೆ ಎಲ್ಲಾ ನರ್ಸುಗಳನ್ನೂ ಒಂದೇ ಪಟ್ಟಿಗೆ ಹಾಕ್ತಾರಂತೆ. ನನ್ನನ್ನ ಎಲ್ಲಿಗೋ ಎಸೀತಾರೆ. ಇಲ್ಲಿಗೆ ಯಾರು ಹತ್ತಿ ಬರ್ತಾರೆ? ಈ ತಿಂಗಳಲ್ಲೇ ಮೂರು ಹೆರಿಗೆ ಇದೆ."

"ಮೊದ್ಲು ತಿನ್ನು. ಪೇಪರ್ ಬಂದ ಮೇಲೆ ಹೇಳ್ತೀನಿ."

ಫೋನಿಟ್ಟ ಮೇಲೆ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಾತು ತಾನಾಗಿಯೇ ಬಂತು.

ಇಪ್ಪತ್ತೊಂದು ವರ್ಷದ ಹಿಂದೆ ಬೆಟ್ಟದ ಕೇಂದ್ರದಲ್ಲಿ ನರ್ಸೇ ಇರಲಿಲ್ಲ. ಒಬ್ಬರನ್ನು ಕಳಿಸಿ ಎಂಬ ಮನವಿ ರಾಜಧಾನಿಯ ಯಾವುದೋ ಮೇಜಿನ ಮೇಲೆ ಹದಿನಾಲ್ಕು ತಿಂಗಳು ಕೂತಿತ್ತು. ಅದು ಕೂತಿದ್ದಾಗಲೇ ಇವರ ಅಕ್ಕನಿಗೆ ಎರಡನೇ ಹೆರಿಗೆ ನೋವು ಬಂತು. "ಮಂಚದ ಮೇಲೆ ಮಲಗಿಸಿ ಹೊತ್ತುಕೊಂಡು ಇಳಿದ್ರು. ಅರ್ಧ ದಾರೀಲೇ ಎಲ್ಲಾ ಮುಗೀತು. ತಾಯಿನೂ ಇಲ್ಲ, ಮಗೂನೂ ಇಲ್ಲ." ಐದು ವರ್ಷದ ಮೊದಲ ಮಗಳು ಮಾತ್ರ ಚಿಕ್ಕಮ್ಮನ ಸೆರಗು ಹಿಡಿದು ಈ ಊರಿಗೆ ಬಂದಳು. ಇದೇ ಮೇಜಿನ ಕೆಳಗೆ ಕೂತು ಚೀಟಿಯ ಚೂರುಗಳಲ್ಲಿ ಆಡಿ ಬೆಳೆದಳು, ನರ್ಸಿಂಗ್ ಓದಿದಳು. ಕೆಲಸ ಸಿಕ್ಕಾಗ ಬೆಟ್ಟವನ್ನೇ ಕೇಳಿ ಪಡೆದಳು.

ಅಕ್ಕ ಹೋದ ಮರುವರ್ಷವೇ ನರ್ಸು ನೇಮಿಸುವ ಅಧಿಕಾರ ಪರಿಷತ್ತಿಗೆ ಬಂತು. ಚೀಟಿ ಕೈಗೆ ಸಿಕ್ಕಾಗ ಇವರಿಗೆ ತಡೆಯಲಾಗಲಿಲ್ಲ. ಮರುದಿನದಿಂದ ಜಾರಿಯಾಗಬೇಕಿದ್ದದ್ದನ್ನು ಬೆಟ್ಟದ ಭಾಗದ ಆರೋಗ್ಯಾಧಿಕಾರಿಯ ಪುಸ್ತಕಕ್ಕೆ ಒಂದು ದಿನ ಮುಂಚೆಯೇ ಅಂಟಿಸಿ ಕಳಿಸಿದರು. ಅಧಿಕಾರಿ ಪುಸ್ತಕ ತೆರೆದರು, ಅಧಿಕಾರ ತಮ್ಮ ಪರಿಷತ್ತಿಗೇ ಬಂದಿದೆಯಲ್ಲ ಎಂದು ಅಂದೇ ಆದೇಶಕ್ಕೆ ಸಹಿ ಹಾಕಿದರು. ನರ್ಸು ಅಂದೇ ಬೆಟ್ಟ ಹತ್ತಿದಳು. ರಾಜಧಾನಿಯವರು ಬಿಡುತ್ತಾರೆಯೇ? ಅಧಿಕಾರ ಇಲ್ಲದ ದಿನ ಮಾಡಿದ ನೇಮಕ ಎಂದು ತಕರಾರು ಬಂತು. ನೇಮಕ ರದ್ದಾಯಿತು, ನರ್ಸು ಗಂಟುಮೂಟೆ ಕಟ್ಟಿಕೊಂಡು ಇಳಿದಳು.

ವಿಚಾರಣೆಗೆ ಬಂದ ಅಧಿಕಾರಿ ಚೀಟಿ ಎತ್ತಿ ಬೆನ್ನು ನೋಡಿದರು. ಅಂಟಿಸಿದ ನಿಜವಾದ ದಿನಾಂಕ ಅಲ್ಲಿತ್ತು.

"ರಬ್ಬರು ನನ್ನ ಕೈಲೇ ಇತ್ತು. ಪೆನ್ಸಿಲ್ ಬರಹ ತಾನೇ, ಒಂದು ಅಂಕಿ ತಿದ್ದಿದ್ರೆ ಸಾಕಿತ್ತು."

"ಮತ್ತೆ ಯಾಕೆ ತಿದ್ದಲಿಲ್ಲ?"

"ತಿದ್ದಿದ್ರೆ ಮಿಕ್ಕ ಚೀಟಿಗಳ ಬೆನ್ನನ್ನ ಯಾರು ನಂಬ್ತಿದ್ರು?"

ಕೆಲಸ ಹೋಗಲಿಲ್ಲ, ಛೀಮಾರಿ ಬಿತ್ತು. ಅದರ ಬಗ್ಗೆ ಇವರು ತಲೆ ಕೆಡಿಸಿಕೊಂಡಿಲ್ಲ. ಕೊರಗು ಬೇರೆಯೇ ಇದೆ. ನೇಮಕವನ್ನು ಮತ್ತೆ ಮೊದಲಿನಿಂದ ಮಾಡಲು ಒಂಬತ್ತು ವಾರ ಹಿಡಿಯಿತು. "ನಾನು ಒಂದು ದಿನ ಅವಸರ ಮಾಡಿದ್ದಕ್ಕೆ ಬೆಟ್ಟದಲ್ಲಿ ಒಂಬತ್ತು ವಾರ ನರ್ಸ್ ಇರ್ಲಿಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ. ಆಗಿದ್ರೆ?"

ಏಳೂ ಹತ್ತಕ್ಕೆ ಕಾರ್ಯದರ್ಶಿ ಒಳಗೆ ಬರುತ್ತಾರೆ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದಾರೆ, ಕೈಯಲ್ಲಿ ಒಂದು ಹಾಳೆ.

"ಚೀಟಿಯಕ್ಕ, ಬಲಗಡೆ ಡ್ರಾಯರ್ ತೆಗೀರಿ. ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ."

ಚೀಟಿಯಕ್ಕ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಾರೆ. ಕಾರ್ಯದರ್ಶಿಗೆ ಅವಸರ. ಅರವತ್ತೆರಡು ಪ್ರತಿಯೂ ಹತ್ತರ ಬಸ್ಸಿಗೆ ಹೋಗಲಿ ಎನ್ನುತ್ತಾರೆ.

"ಇವತ್ತು ಬೇಡ ಸರ್. ಕೊನೇ ಸಾಲು ನೋಡಿ. 'ನಾಳೆಯಿಂದ ಜಾರಿ' ಅಂತಿದೆ."

ಸಹಿ ಬಿದ್ದ ದಿನವೇ ಜಾರಿ ಎಂದು ಕಚೇರಿಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಕಾರ್ಯದರ್ಶಿ ಓದಿ ತಲೆ ಕೆರೆದುಕೊಂಡು ಹೊರಡುತ್ತಾರೆ. ಚೀಟಿಯಕ್ಕ ಬೆಟ್ಟಕ್ಕೆ ಫೋನು ಮಾಡುತ್ತಾರೆ. ಆ ಕಡೆಯ ಅಳು, ನಗು ನನಗೂ ಕೇಳಿಸುತ್ತದೆ.

"ಚಿಕ್ಕಮ್ಮ, ನಮ್ಮ ಪುಸ್ತಕಕ್ಕಾದ್ರೂ ಈಗ್ಲೇ ಅಂಟಿಸ್ಬಿಡು. ಕಣ್ಣಾರೆ ನೋಡ್ಬೇಕು ನಾನು."

"ನಾಳೆ ಕಣೇ. ಮೊದಲ್ನೇದು ನಿಂದೇ."

ಇಷ್ಟು ಹೊತ್ತು ಕೈಯಾಡಿಸಿದ ಅಂಟಿನ ಪಾತ್ರೆಗೆ ತಟ್ಟೆ ಮುಚ್ಚುತ್ತಾರೆ. ನಾಳೆಗೆ ಅದು ಗಟ್ಟಿಯಾಗುತ್ತದೆ, ಬೆಳಿಗ್ಗೆ ಮತ್ತೆ ಹೊಸದು ಮಾಡಬೇಕು. ಎಡಗಡೆ ಡ್ರಾಯರಿನ ಚೀಟಿಗಳನ್ನು ಹರಿಯದೆ ದಾರ ಕಟ್ಟಿ ಕಪಾಟಿನ ಮೇಲಿಡುತ್ತಾರೆ. ಅದನ್ನೇಕೆ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರೆ, "ಹತ್ತು ವರ್ಷ ಬಿಟ್ಟು ಮತ್ತೆ ಕೇಳ್ತಾರಲ್ಲ" ಎನ್ನುತ್ತಾರೆ.

ಹೊರಡುವ ಮೊದಲು, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಸನ್ಮಾನ, ಶಾಲು ಏನಾದರೂ ಹೇಳಬಹುದು ಅಂದುಕೊಂಡಿದ್ದೆ. ಅವರು ಬೆಟ್ಟದ ಪ್ರತಿಯನ್ನು ಹತ್ತಿರ ಎಳೆದುಕೊಂಡು, ಇಪ್ಪತ್ತು ವರ್ಷದಲ್ಲಿ ಹಳದಿಯಾದ ಚೀಟಿಯನ್ನು ಗೆರೆ ಅಳಿಸಿದ ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದರು, ಮತ್ತೆ ಇಳಿಸಿ ಸವರಿದರು.

"ಒಂದಿನ ಈ ಪುಸ್ತಕ ಹೊಸದಾಗಿ ಅಚ್ಚಾಗ್ಬೇಕು. ಈ ಸಾಲು ಚೀಟಿ ಮೇಲಲ್ಲ, ಹಾಳೆ ಮೇಲೇ ಇರ್ಬೇಕು. ಆಗ ನನ್ನ ಕೆಲಸ ಹೋಗುತ್ತೆ, ಹೋಗ್ಲಿ ಬಿಡಿ. ಯಾರು ಬೆರಳಿಟ್ಟು ಎತ್ತಿದ್ರೂ ಅದು ಮೇಲೆ ಬರಬಾರದು."