ಎಷ್ಟನೇ ಕಂಬಕ್ಕೆ ಸುಸ್ತು

ಗಡ್ಡ ಹೆರೆಯುತ್ತಿದ್ದ ಇವರು ರೇಜರನ್ನು ನೀರಿಗೆ ಹಾಕಿ ಹಾಗೇ ಕೂತುಬಿಟ್ಟರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ಸೋಪಿನ ನೊರೆ.

"ಎದೇಲಿ ಏನೋ ಹಿಡ್ಕೊಂಡ ಹಾಗಿದೆ ಕಣೆ ಶಾರದಾ."

ಹಾರ್ಟ್ ಅಟ್ಯಾಕ್.

ನನ್ನ ಯಜಮಾನರಿಗೆ ನಲವತ್ತೇಳು. ಮೈಸೂರು ಬಿಟ್ಟು ಬಂದ ಮೇಲೆ ನಾವಿಬ್ಬರೂ ಚೆಂಬೂರಿನಲ್ಲೇ ಇದ್ದೇವೆ. ಇವರು ಊರಿನ ಇನ್ನೊಂದು ತುದಿಯ ಫೋರ್ಟಿನಲ್ಲಿರುವ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಅವತ್ತು ಅರ್ಧ ಗಡ್ಡದಲ್ಲೇ ಟ್ಯಾಕ್ಸಿ ಹತ್ತಿಸಿದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಆಕ್ಸಿಜನ್ ಕೊಟ್ಟರು. ನಾನು ವಾರ್ಡಿನ ಹೊರಗೆ ನಿಂತು, ಆ ಉಳಿದ ಕೆನ್ನೆಯನ್ನು ಯಾರು ಹೆರೆಯುತ್ತಾರೆ ಎಂದು ಯೋಚಿಸುತ್ತಿದ್ದೆ. ಅಳು ಬರಲಿಲ್ಲ. ಬರಬೇಕಿತ್ತು ಎಂಬುದು ಮಾತ್ರ ಗೊತ್ತಿತ್ತು.

ಮೂರು ವಾರ ಹಾಸಿಗೆ. ಆಮೇಲೆ ಮನೆ. ಆಫೀಸಿನವರು ಕೆಟ್ಟವರಲ್ಲ, ಮೂರು ತಿಂಗಳು ರಜೆ ಕೊಟ್ಟರು. ಅಷ್ಟರಲ್ಲಿ ಬರದಿದ್ದರೆ ಆ ಕುರ್ಚಿಗೆ ಬೇರೆಯವರು. ಆಫೀಸಿಗೆ ಹೋಗಲು ಲೋಕಲ್ ರೈಲು ಹಿಡಿಯಬೇಕು. ಲೋಕಲ್ ಹಿಡಿಯಲು ಸ್ಟೇಷನ್ನಿನ ಬ್ರಿಜ್ ಹತ್ತಬೇಕು. ಇವರು ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದರು.

ದಿನಾ ವಾಕಿಂಗ್ ಮಾಡಿಸಿ, ಸ್ವಲ್ಪ ಸ್ವಲ್ಪ ಹೆಚ್ಚಿಸಿ ಎಂದಿದ್ದರು ಡಾಕ್ಟರ್. ನಮ್ಮ ಬಿಲ್ಡಿಂಗಿನ ಮುಂದಿನ ರಸ್ತೆಯ ದೀಪದ ಕಂಬಗಳೇ ನಮಗೆ ಲೆಕ್ಕ. ನಾಲಿಗೆಯಡಿ ಇಡುವ ಮಾತ್ರೆ, ನೀರಿನ ಬಾಟಲಿ ಚೀಲದಲ್ಲಿಟ್ಟುಕೊಂಡು ನಾನು ಪಕ್ಕದಲ್ಲಿ. ಒಂದೊಂದು ಕಂಬ ಬಂದಾಗಲೂ ಕೇಳುತ್ತಿದ್ದೆ.

"ಸುಸ್ತಾಯ್ತೇನ್ರೀ?"

ಇವರು ನಿಲ್ಲುತ್ತಿದ್ದರು. ಒಳಗೆ ಯಾರಾದರೂ ಇದ್ದಾರಾ ಎಂದು ಕಿವಿಗೊಟ್ಟವರ ಹಾಗೆ ತಲೆ ವಾಲಿಸಿ, "ಹೂಂ, ಸ್ವಲ್ಪ" ಎನ್ನುತ್ತಿದ್ದರು. ಮೂರನೇ ಕಂಬದಲ್ಲಿ ಆ 'ಸ್ವಲ್ಪ' ಹೋಗಿ ಪೂರ್ತಿಯಾಗುತ್ತಿತ್ತು. ವಾಪಸ್ಸು. ಒಂದು ತಿಂಗಳು ಕಳೆದರೂ ನಾಲ್ಕನೇ ಕಂಬ ಕಾಣಲಿಲ್ಲ.

ಚೆಕಪ್ಪಿಗೆ ಹೋದಾಗ ಇಸಿಜಿ ಚೆನ್ನಾಗಿದೆ ಎಂದರು ಡಾಕ್ಟರ್. ನಡೆಯುವುದು ಮೂರೇ ಕಂಬ ಎಂದು ನಾನು ಹೇಳಿದಾಗ ಹುಬ್ಬು ಗಂಟಿಕ್ಕಿದರು. ತಮ್ಮೆದುರಿಗೇ ಕಾರಿಡಾರಿನಲ್ಲಿ ನಡೆಸಲು ಹೇಳಿದರು. ನಡೆಸಿದೆ. ಮೊದಲ ಕಿಟಕಿಯ ಹತ್ತಿರ ಅಭ್ಯಾಸಬಲದಿಂದ ಕೇಳಿಯೂಬಿಟ್ಟೆ. ಇವರು ನಿಂತರು.

ಡಾಕ್ಟರು ಮರಾಠಿಯವರು. ನನಗೆ ತಿಳಿಯಲೆಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ಎದೆನೋವು ಬಂದರೆ ಅದು ಅವರಿಗೇ ಗೊತ್ತಾಗುತ್ತದೆ. ಆಗ ನಿಲ್ಲಲಿ, ಮಾತ್ರೆ ಇಡಲಿ. ಆದರೆ ಈ ಸುಸ್ತನ್ನು ನೀವು ಕೂಗಿ ಕೂಗಿ ಕರೆಯುತ್ತಿದ್ದೀರಿ. ಬೇರೆ ಏನಾದರೂ ಮಾತಾಡಿ, ತಾಯೀ."

ಮೂರನೇ ಕಂಬಕ್ಕೆ ಇವರನ್ನು ಕಟ್ಟಿಹಾಕಿದವಳು ನಾನೇ.

ಚುಚ್ಚಬೇಕಾದ ಮಾತು. ಚುಚ್ಚಲಿಲ್ಲ. ಹೊಸ ಮಾತ್ರೆಯ ಹೆಸರಿನ ಹಾಗೆ ನೆನಪಿಟ್ಟುಕೊಂಡೆ, ಅಷ್ಟೇ.

ಆದರೆ ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಹತ್ತಿರ ಮಾತಾಡಲು ಹೊಸದೇನಿರುತ್ತದೆ? ಮೊದಲ ದಿನ ಇಬ್ಬರೂ ಮೂಗರ ಹಾಗೆ ನಡೆದೆವು. ಮಾರನೆಯ ದಿನ ಏನೂ ತೋಚದೆ, ಮೈಸೂರಿಂದ ಬೆಂಗಳೂರಿಗೆ ಹೋಗುವ ರೈಲಿನ ಸ್ಟೇಷನ್ನುಗಳನ್ನು ಹೇಳತೊಡಗಿದೆ.

"ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಯಲಿಯೂರು..."

"ಬ್ಯಾಡರಹಳ್ಳಿ ಎಲ್ಲೋಯ್ತೆ? ನುಂಗ್ಬಿಟ್ಯಾ?"

"ಅಲ್ಲಿ ಗಾಡಿ ನಿಲ್ತಿರ್ಲಿಲ್ಲ ಕಣ್ರೀ."

"ನಿಲ್ತಿತ್ತು! ನಮ್ಮ ಚಿಕ್ಕಪ್ಪ ಇಳೀತಿದ್ರು ಅಲ್ಲಿ!"

ಜಗಳ ಮುಗಿದಾಗ ಹಾಲಿನ ಬೂತಿನ ಮುಂದೆ ನಿಂತಿದ್ದೆವು. ಎಂಟು ಕಂಬ. ಅದು ತಿಳಿದ ಕೂಡಲೇ ಇವರ ಕೈ ಎದೆಗೆ ಹೋಯಿತು, ಮುಖ ಬಿಳಿಚಿಕೊಂಡಿತು. ಕಟ್ಟೆಯ ಮೇಲೆ ಕೂತರು. ಏನೂ ಆಗಲಿಲ್ಲ. ಎದ್ದು ಬಂದೆವು.

ಎಲ್ಲ ದಿನವೂ ಹಾಗಾಗಲಿಲ್ಲ. ಕೆಲವು ದಿನ ಯಾವ ಮಾತೂ ನಾಟದೆ, ಇವರ ಗಮನವೆಲ್ಲ ತಮ್ಮ ಉಸಿರಿನ ಮೇಲೇ ಇರುತ್ತಿತ್ತು, ಅಂಥ ದಿನ ಎರಡನೇ ಕಂಬಕ್ಕೇ ಕಾಲು ಸೋಲುತ್ತಿತ್ತು. ಅದೇ ಕಾಲು, ಅದೇ ರಸ್ತೆ. ನಿನ್ನೆ ಇಲ್ಲದ ಸುಸ್ತು ಇವತ್ತು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ರಜೆ ಮುಗಿದ ಸೋಮವಾರ ಸ್ಟೇಷನ್ನಿಗೆ ಜೊತೆಗೆ ಹೋದೆ. ಬ್ರಿಜ್ಜಿನ ಕೆಳಗೆ ಇವರು ತಲೆಯೆತ್ತಿ ಮೆಟ್ಟಿಲು ನೋಡಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅಷ್ಟರಲ್ಲಿ ಗಾಡಿ ಬರುವ ಸದ್ದಾಯಿತು. ಹಿಂದಿನಿಂದ ಜನ ನುಗ್ಗಿದರು. "ಚಲೋ, ಚಲೋ!" ಇವರೂ ಚೀಲ ಎದೆಗವಚಿಕೊಂಡು, ಎಲ್ಲರ ಹಾಗೆ ಗಾಡಿಯ ಕಡೆಯೇ ನೋಡುತ್ತ ಹತ್ತಿಹೋದರು. ತಿರುಗಿ ನೋಡಲಿಲ್ಲ.

ಗಾಡಿ ಹೋಯಿತು. ಬ್ರಿಜ್ಜಿನ ಮೇಲೆ ಯಾರೂ ಕೂತಿರಲಿಲ್ಲ, ಯಾರೂ ಬಿದ್ದಿರಲಿಲ್ಲ.

ಮನೆಗೆ ಹೊರಡಲು ತಿರುಗಿದೆ. ಕಾಲು ಏಳಲಿಲ್ಲ. ಮಂಡಿ ನೋಯುತ್ತಿತ್ತು, ಸೊಂಟ ನೋಯುತ್ತಿತ್ತು, ಹಿಮ್ಮಡಿ ಒಡೆದು ಉರಿಯುತ್ತಿತ್ತು. ಹಾಲಿನ ಕ್ಯೂ, ರೇಷನ್ ಕ್ಯೂ, ಆಸ್ಪತ್ರೆಯ ಕ್ಯೂ, ಇವರ ಪಕ್ಕದಲ್ಲಿ ನಡೆದ ಅಷ್ಟೂ ಕಂಬಗಳು. ಎಲ್ಲವೂ ಆಗಲೇ ನನ್ನ ಮೈಯಲ್ಲಿದ್ದವು, ನಾನು ನೋಡಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಳು ಬಂತು. ಜನ ಬಳಸಿಕೊಂಡು ಹೋದರು.

ಹೇಗೋ ಮನೆ ಸೇರಿ ಮಲಗಿದೆ. ಸಂಜೆ ಇವರು ಬಂದಾಗಲೂ ಮಲಗೇ ಇದ್ದೆ. ಬಾಗಿಲಲ್ಲಿ ನಿಂತು ನೋಡಿದರು. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದರು. ಡಬ್ಬಿಗಳನ್ನು ತೆಗೆದು ಮುಚ್ಚುವ ಸದ್ದು, ಪಾತ್ರೆ ಬಿದ್ದ ಸದ್ದು.

"ಅಕ್ಕಿ ಸಿಕ್ತು ಕಣೆ," ಒಳಗಿಂದ ಕೂಗಿದರು. "ನೀನು ಏಳ್ಬೇಡ."

ದೇವರು ದೊಡ್ಡವನು. ನಾನು ಏಳಲಿಲ್ಲ.