ಡ್ರಾಯಿಂಗ್ ಬಾಯಿ ಬರೆದ ಬೋರ್ಡು

ಹೋದ ವಾರ ನಮ್ಮ ಸೊಸೈಟಿಯ ಮೆಟ್ಟಿಲಿನ ಗೋಡೆಗೆ ಬಣ್ಣ ಹೊಡೆಯುವವನು ಬಂದ. ಡಬ್ಬಿಯ ಮುಚ್ಚಳ ತೆಗೆದು ಟರ್ಪೆಂಟೈನ್ ಸುರಿದ. ಆ ವಾಸನೆ ಬಾಗಿಲ ಸಂದಿನಿಂದ ಒಳಗೆ ಬಂದದ್ದೇ ತಡ, ನನ್ನ ಬಲತೊಡೆಯ ಸಂದು ಜುಮ್ಮೆಂದಿತು. ವಾಸನೆಯಿಂದ ಮಂದಿಗೆ ತಾಯಿಯ ಅಡುಗೆ ನೆನಪಾಗುತ್ತದೆ. ನನಗೆ ನೆನಪಾದದ್ದು ಎದುರುಮನೆಯ ಹೆಂಗಸು. ನನಗಿಂತ ಹಿರಿಯಳು, ತೀರಿಕೊಂಡೂ ಕೆಲವು ವರ್ಷವಾಯಿತು, ಬಹುವಚನ ಹಚ್ಚಬೇಕು. ಮನಸ್ಸು ಬರುವುದಿಲ್ಲ.

ನಾನು ವಿಜಯಪುರದ ಕಡೆಯಿಂದ ಒಂದು ಟ್ರಂಕು ಹಿಡಿದು ಪುಣೆಗೆ ಬಂದವನು. ಶಿವಾಜಿನಗರ ಸ್ಟ್ಯಾಂಡಿನ ಹೊರಗೆ ಫುಟ್‌ಪಾತಿನ ಮೇಲೆ ಹಗ್ಗ ಮಾರಿದೆ, ಆಮೇಲೆ ಸದಾಶಿವ ಪೇಠೆಯಲ್ಲಿ ಹಗ್ಗ ಮತ್ತು ಮಳೆಗೆ ಹೊದಿಸುವ ತಾಡಪತ್ರಿಯ ಅಂಗಡಿ ಹಾಕಿದೆ, ತೊಂಬತ್ತರ ದಶಕದ ನಡುವೆ ಕೋಥರೂಡದಲ್ಲಿ ಎರಡನೇ ಮಹಡಿಯ ಈ ಫ್ಲ್ಯಾಟು ಹಿಡಿದೆ. ಎಲ್ಲವೂ ಒಂದೇ ಸೂತ್ರದ ಮೇಲೆ. ಎದುರಿನವನು ಮೊದಲು ಹೇಳುವ ಅಂಕಿ ಯಾವತ್ತೂ ಎರಡುಪಟ್ಟು ಇರುತ್ತದೆ. ಅರ್ಧಕ್ಕೆ ಕೇಳಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಅವನೇ ಕರೆಯುತ್ತಾನೆ. ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ಈಗಲೂ ಇದನ್ನೇ ಹೇಳುತ್ತೇನೆ.

ಎದುರಿನ ಫ್ಲ್ಯಾಟಿನಲ್ಲಿ ಆಕೆ ಒಬ್ಬಳೇ ಇದ್ದಳು. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತಳಾದವಳು. ಪುಣೆಯಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಬಾಯಿ ಅನ್ನುತ್ತಾರೆ, ಈಕೆ ಸೊಸೈಟಿಗೆಲ್ಲ ಡ್ರಾಯಿಂಗ್ ಬಾಯಿ. ಕಲಿಸಲು ಮಕ್ಕಳಿಲ್ಲವಾದ ಮೇಲೆ ಬೋರ್ಡು ಬರೆಯಲು ಹಿಡಿದಳು. ಮುತ್ತಿನಂಥ ಮರಾಠಿ ಅಕ್ಷರ, ವಿಷದಂಥ ಮಾತು. ಆಕೆಯ ಬಾಗಿಲ ಮೇಲಿತ್ತು: ‘ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ನಾಲ್ಕರ ನಂತರವೂ ಕೆಲಸವಿದ್ದರೆ ಮಾತ್ರ.’ ಮಳೆಗಾಲದ ಮುಂಚೆ ಅಂಗಡಿಯಲ್ಲಿ ಜಾಗ ಸಾಲದೆ ನಾನು ತಾಡಪತ್ರಿಯ ಗಂಟುಗಳನ್ನು ಮೆಟ್ಟಿಲ ತಿರುವಿನಲ್ಲಿ ಇಡಿಸುತ್ತಿದ್ದೆ. ಮರುದಿನವೇ ಅಲ್ಲೊಂದು ಬೋರ್ಡು: ‘ಇದು ಮೆಟ್ಟಿಲು. ಯಾರಪ್ಪನ ಗೋದಾಮೂ ಅಲ್ಲ.’ ನಾನು ಬೋರ್ಡು ಮುಚ್ಚುವ ಹಾಗೆ ಇನ್ನೊಂದು ಗಂಟು ನಿಲ್ಲಿಸಿದೆ. ಆಕೆ ಅದರ ಮೇಲಿನ ಗೋಡೆಗೇ ಬರೆದಳು. ಹೀಗೆ ಹತ್ತು ಹನ್ನೆರಡು ವರ್ಷ...

ಆಮೇಲೆ ನನ್ನ ಎದೆ ತಾಳ ತಪ್ಪಿತು. ಕಟ್ಟು ಬಿಚ್ಚಿದ ತಾಡಪತ್ರಿ ಗಾಳಿಗೆ ಬಡಿದುಕೊಂಡ ಹಾಗೆ, ಒಳಗೆ ಪಟಪಟ ಪಟಪಟ. ಗುಳಿಗೆಗೆ ಜಗ್ಗಲಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಗೆ ಹಾಯಿಸಿ, ಹೃದಯದೊಳಗೆ ಆ ಹುಚ್ಚು ಬಡಿತ ಹುಟ್ಟುವ ಜಾಗವನ್ನು ಸುಟ್ಟರು. ಅಬ್ಲೇಶನ್ ಅನ್ನುತ್ತಾರೆ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: ಹದಿನೈದು ದಿನ ಭಾರ ಎತ್ತಬೇಡಿ. ಮೂರು ತಿಂಗಳ ತನಕ ಎದೆ ನಡುನಡುವೆ ಮತ್ತೆ ಬಡಿದುಕೊಳ್ಳಬಹುದು, ಹೆದರಬೇಡಿ. ಆದರೆ ಆ ಮೂರು ತಿಂಗಳೂ ರಕ್ತ ತೆಳು ಮಾಡುವ ಗುಳಿಗೆ ಒಂದು ದಿನವೂ ತಪ್ಪಬಾರದು. ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದೀತು.

“ಒಂದೂವರಿ ತಿಂಗಳಿಗೆ ಮುಗಸ್ರಿ ಡಾಕ್ಟರ್,” ಅಂದೆ. ಅವರು ನಕ್ಕರು. ವ್ಯಾಪಾರಿ ನಕ್ಕನೆಂದರೆ ಅರ್ಧಕ್ಕೆ ಒಪ್ಪಿದನೆಂದೇ ನನ್ನ ಲೆಕ್ಕ.

ಕಾಯಿಲೆಯ ಸುದ್ದಿ ಮುಚ್ಚಿಟ್ಟೆವು. ಊರಿಗೆ ಹೋಗಿದ್ದೆ ಎಂದೆವು. ನೀವು ಸಡಿಲಾಗಿದ್ದೀರಿ ಎಂದು ಪೇಟೆಗೆ ಗೊತ್ತಾಗಬಾರದು, ಗೊತ್ತಾದ ದಿನ ನಿಮ್ಮ ಮಾತಿಗೆ ಬೆಲೆ ಇಳಿಯುತ್ತದೆ. ಎಂಟನೇ ದಿನ ಹಮಾಲರು ಮಾಲು ತಂದು ಮೆಟ್ಟಿಲಲ್ಲಿ ಇಳಿಸಿ ಹೋದರು. ಡ್ರಾಯಿಂಗ್ ಬಾಯಿ ಬಾಗಿಲು ತೆರೆದಳು. ಕೈಯಲ್ಲಿ ಕುಂಚ, ಹೆಗಲ ಮೇಲೆ ಬಣ್ಣ ಒರೆಸುವ ಅರಿವೆ. ಆಕೆಯ ಮಾತೆಲ್ಲ ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಏನ್ರಿ ಶೇಟ್, ಒಳಗ ಇಟ್ಕೋಳಾಕ ಕೈಯಾಗ ಜೀವ ಇಲ್ಲೇನು?”

ಅದೊಂದು ಮಾತು ಸಾಕಾಯಿತು. ಹದಿನೈದರ ಅರ್ಧ ಏಳೂವರೆ, ಅದೂ ಮುಗಿದಿತ್ತು. “ಅದನೋ ಇಲ್ಲೋ ನೋಡ್ರಿ,” ಎಂದವನೇ ಗಂಟು ಎತ್ತಿದೆ. ಎರಡು ಹೆಜ್ಜೆ ಇಟ್ಟಿರಬೇಕು. ತೊಡೆಯ ಸಂದಿನಲ್ಲಿ ಏನೋ ಬಿಸಿಯಾಗಿ ಹರಿಯಿತು. ಪಾಯಿಜಾಮ ಕೆಂಪಾಯಿತು. ಗಂಟಿನ ಮೇಲೇ ಕುಸಿದೆ.

ಹೆಂಡತಿ ಓಡಿ ಬಂದವಳು ಎದೆ, ನಳಿಗೆ, ಗುಳಿಗೆ, ಮುಚ್ಚಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು. ಬಾಯಿ ಕುಂಚ ಒಗೆದು ಮಂಡಿಯೂರಿ ಕೂತಳು. ಆ ಟರ್ಪೆಂಟೈನಿನ ಅರಿವೆಯನ್ನು ಮುದ್ದೆ ಮಾಡಿ, ಎಲ್ಲಿ ಒತ್ತಬೇಕೋ ಅಲ್ಲಿಟ್ಟು, ಎರಡೂ ಮುಷ್ಟಿಯಿಂದ ಮೈಭಾರವೆಲ್ಲ ಬಿಟ್ಟಳು. ನಾನು ಕೊಸರಿದೆ.

“ಅಲುಗಾಡಬ್ಯಾಡ್ರಿ! ಮೂವತ್ತು ವರ್ಷ ಹುಡುಗರನ್ನ ಅಲುಗಾಡದಂಗ ಕೂಡಿಸಿದಾಕಿ ನಾ. ನಾಚಿಕಿ ಬಂತೇನು? ಬರಲಿ. ಭಾಳ ತಡಾ ಮಾಡಿ ಬಂತು.”

ಆಸ್ಪತ್ರೆಯ ಗಾಡಿ ಬರುವವರೆಗೆ ಆಕೆ ಕೈ ತೆಗೆಯಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ. ಸೊಸೈಟಿಯ ಅರ್ಧ ಮಂದಿ ಮೆಟ್ಟಿಲ ಮೇಲೆ ನಿಂತು ನೋಡಿದರು. ತೊಡೆಯಿಂದ ಮೊಣಕಾಲಿನವರೆಗೆ ಕಪ್ಪಗೆ ಕಂದಿದ ಕಾಲು ಎಳೆದುಕೊಂಡು ಎರಡು ದಿನಕ್ಕೆ ಮನೆಗೆ ಬಂದೆ. ನನ್ನ ಬಾಗಿಲ ಪಕ್ಕದ ಗೋಡೆಗೆ ಹೊಸ ಬೋರ್ಡು. ಅದೂ ಕನ್ನಡದಲ್ಲಿ! ನನ್ನ ಹೆಂಡತಿಯಿಂದ ಕಾಗದದ ಮೇಲೆ ಬರೆಸಿಕೊಂಡು, ಒಂದಕ್ಷರ ಓದಲು ಬಾರದೆ, ಹೂಬಳ್ಳಿ ಬಿಡಿಸಿದ ಹಾಗೆ ಬಿಡಿಸಿದ್ದಳು: ‘ಶೇಟರ ಕೈಗೆ ಗಂಟು ಕೊಡಬೇಡಿರಿ. ಕೊಟ್ಟವರ ಹೆಸರು ಎದುರುಮನೆಯಲ್ಲಿ ಬರೆದುಕೊಳ್ಳಲಾಗುವುದು.’

ನನ್ನ ಹಮಾಲರು ಯಾದಗಿರಿ ಕಡೆಯವರು. ಬೆರಳಿಟ್ಟು ಓದಿ ಬಿದ್ದು ಬಿದ್ದು ನಕ್ಕರು. “ಸಾಹುಕಾರ್ರ, ನಿಮಗ ನೋಟೀಸ್ ಬಂದೈತಲ್ರಿ!” ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ನನ್ನೆದುರು ಬೆವರುತ್ತಿದ್ದ ಸಗಟು ವ್ಯಾಪಾರಿ ಫೋನಿನಲ್ಲಿ ಮೊದಲು ಕೇಳಿದ್ದು ನನ್ನ ಆರೋಗ್ಯ. ಆಮೇಲೆ ಒಂದು ಪೈಸೆ ಇಳಿಯಲಿಲ್ಲ. ಬೋರ್ಡು ಕಿತ್ತೊಗೆದೆ. ಮರುದಿನ ಇನ್ನೊಂದು, ಈ ಸಲ ನಾಲ್ಕು ಉದ್ದನೆಯ ಮೊಳೆ ಹೊಡೆದು.

ಆರನೇ ವಾರ ಎದೆಯೊಳಗೆ ತಾಡಪತ್ರಿ ಮತ್ತೆ ಬಡಿದುಕೊಂಡಿತು. ಅಷ್ಟೆಲ್ಲ ಮಾಡಿಸಿಕೊಂಡದ್ದು ದಂಡವಾಯಿತು ಎಂದುಕೊಂಡೆ. ರಕ್ತ ಹರಿದದ್ದೂ ಆ ಗುಳಿಗೆಯಿಂದಲೇ. “ಒಂದೂವರಿ ತಿಂಗಳಾತು, ಇನ್ನ ಸಾಕು,” ಎಂದು ಡಬ್ಬಿಯನ್ನು ಕಪಾಟಿನ ಮೇಲೆ ಒಗೆದೆ. ಹೆಂಡತಿ ನನ್ನೊಡನೆ ವಾದ ಮಾಡಲಿಲ್ಲ. ಚಪ್ಪಲಿ ಮೆಟ್ಟಿ ಎದುರುಮನೆಗೆ ಹೋದಳು.

ಮಧ್ಯಾಹ್ನ ಎರಡಕ್ಕೆ ನಮ್ಮ ಬೆಲ್ ಆಯಿತು. ಒಂದರಿಂದ ನಾಲ್ಕು, ಬೆಲ್ ಒತ್ತಬಾರದೆಂದು ತಾನೇ ಬರೆದ ವೇಳೆಯಲ್ಲಿ, ಡ್ರಾಯಿಂಗ್ ಬಾಯಿ.

“ಡಾಕ್ಟರ್ ಎಷ್ಟು ಹೇಳ್ಯಾರ?”

“ಮೂರು ತಿಂಗಳು. ಅವರು ಹೆಚ್ಚಿಗೀನ ಹೇಳಿರ್ತಾರ ಬಾಯಿ...”

“ಬಾವಿಗೆ ಮನಷ್ಯಾನ್ನ ಇಳಿಸಾಕ ನಲವತ್ತು ಫೂಟು ಹಗ್ಗ ಬೇಕಂದ್ರ, ನೀವು ಇಪ್ಪತ್ತು ಫೂಟು ಕೊಟ್ಟು ಕಳಸ್ತೀರೇನು?”

ಹಗ್ಗದ ವ್ಯಾಪಾರಿಗೆ ಹಗ್ಗದಿಂದಲೇ ಹೊಡೆದಳು. ಕಪಾಟಿನ ಮೇಲಿಂದ ಡಬ್ಬಿ ಇಳಿಸಿದೆ. ಗುಳಿಗೆ ನುಂಗಿದೆ. ನಾಲಿಗೆ ಎತ್ತಿ ತೋರಿಸು ಅಂದಳು, ಅದನ್ನೂ ತೋರಿಸಿದೆ. ಅವತ್ತಿನಿಂದ ದಿನಾ ಎರಡಕ್ಕೆ ಬೆಲ್. ಉಳಿದ ಒಂದೂವರೆ ತಿಂಗಳಲ್ಲಿ ಒಂದು ದಿನವೂ ನಾನು ಆಕೆಯನ್ನು ಕೂಡ್ರಿ ಅನ್ನಲಿಲ್ಲ, ಆಕೆ ಕೂಡಲೂ ಇಲ್ಲ. ಬಡಿತ ತಾನಾಗಿ ಹಾದಿಗೆ ಬಂತು. ಇನ್ನು ಗುಳಿಗೆ ಸಾಕು ಎಂದು ಡಾಕ್ಟರು ಬರೆದುಕೊಟ್ಟರು. “ಈಗರ ನಿಮ್ಮ ಬೋರ್ಡು ತಗೀರಿ,” ಎಂದೆ. ಚೀಟಿ ಇಸಿದುಕೊಂಡು ಎರಡೂ ಬದಿ ಓದಿದಳು. ಇಕ್ಕಳ ತಂದು ತಾನೇ ಮೊಳೆ ಕಿತ್ತಳು. ಮರುವಾರದಿಂದ ಗೋದಾಮಿನ ಜಗಳ ಮತ್ತೆ ಶುರು.

ಉಪಕಾರ ಆತು ಎಂದು ನಾನು ಹೇಳಲಿಲ್ಲ. ಗೆಲ್ಲಬೇಕೆಂದು ಮಾಡಿದಳು ಎಂದುಕೊಂಡಿದ್ದೆ. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ...

ಕೆಲವು ವರ್ಷದ ನಂತರ ಮನೆ ಮಾರಿ ನಾಸಿಕಿಗೆ, ತಂಗಿಯ ಹತ್ತಿರ ಹೊರಟಳು. ಆ ಒಂದು ಮಾತು ಹೇಳಿಬಿಡೋಣ ಎಂದೇ ಆಕೆಯ ಬಾಗಿಲಿಗೆ ಹೋದೆ. ಆಕೆ ಬಾಗಿಲು ತೆರೆದಳು. ಒಳಗೆ ಚಿತ್ರ ಬರೆಯುವ ಮೇಜು ಕಂಡಿತು. ತೇಗದ್ದು, ಗಟ್ಟಿ ಮಾಲು. “ಇದನ್ನ ಎಷ್ಟಕ್ಕ ಕೊಡ್ತೀರಿ?” ಎಂದುಬಿಟ್ಟೆ. ಆಕೆ ಒಂದು ಅಂಕಿ ಹೇಳಿದಳು. ನಾಲಿಗೆಯ ರೂಢಿ, ಅರ್ಧಕ್ಕೆ ಕೇಳಿದೆ.

“ಗುಳಿಗಿ ಪೂರಾ ನುಂಗಿದ್ರಿ ಶೇಟ್,” ಅಂದಳು, “ಮೇಜು ಅರ್ಧಾ ಹೆಂಗ?”

ಬಾಗಿಲು ಹಾಕಿಕೊಂಡಳು. ನಾಲ್ಕು ಹೆಜ್ಜೆ ನಡೆದೆ. ಕರೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳಂತೆ. ಕೆಳಗಿನ ನೋಟೀಸ್ ಹಲಗೆಯ ಮೇಲೆ ಸೆಕ್ರೆಟರಿ ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದಿದ್ದ. ಆಕೆ ನೋಡಿದ್ದರೆ ಕೈ ಮೇಲೆ ಅಳತೆಪಟ್ಟಿಯಿಂದ ಒಂದು ಕೊಡುತ್ತಿದ್ದಳು. ನನ್ನಂಥವರಿಗೆ ಒಂದು ಮಾತು: ಎಲ್ಲದರಲ್ಲೂ ಚೌಕಾಸಿ ಮಾಡಿ, ಡಾಕ್ಟರು ಹೇಳಿದ ದಿನಗಳಲ್ಲಿ ಮಾಡಬೇಡಿ. ಮತ್ತೆ ಯಾರದೋ ಬಾಗಿಲಿಗೆ ಒಂದು ಮಾತು ಹೇಳಲು ಹೋದರೆ, ಒಳಗಿನ ಸಾಮಾನು ನೋಡಬೇಡಿ.

ಈಗ ಆ ಫ್ಲ್ಯಾಟಿನಲ್ಲಿರುವವರು ಸಭ್ಯರು. ಮೆಟ್ಟಿಲ ಮೇಲೆ ಗಂಟು ಇಟ್ಟರೂ ಪಕ್ಕಕ್ಕೆ ಸರಿದು ಹೋಗುತ್ತಾರೆ. ಮಾತಿಲ್ಲ, ಬೋರ್ಡಿಲ್ಲ.

ಬಣ್ಣದವನು ನನ್ನ ಬಾಗಿಲ ಪಕ್ಕ ಗೋಡೆ ಉಜ್ಜುವಾಗ ನಾಲ್ಕು ಮೊಳೆಯ ತೂತು ಕಂಡವು. ಪುಟ್ಟಿ ತುಂಬಲೇ ಎಂದು ಕೇಳಿದ.

“ಬ್ಯಾಡ. ಹಂಗ ಬಿಡು.”

“ಬಿಟ್ಟರೂ ರೇಟು ಕಡಿಮೆ ಆಗೂದಿಲ್ಲ ಶೇಟ್.”

“ಕಡಿಮೆ ಮಾಡಂತ ಯಾರು ಕೇಳಿದ್ರೋ?” ಎಂದು ಅವನ ಮೇಲೆ ಹಾರಿಬಿದ್ದೆ.