ಕಡಲಿಗೆ ನೀರು ಬಿಟ್ಟರೇ?

"ನೀರು ಎಲ್ಲೋಯ್ತು ಮಗಾ? ನಿಲ್ಲಿಸ್‌ಬುಟ್ರಾ?"

ಮದ್ದೂರಿನ ಕೊಪ್ಪದಿಂದ ವಿಡಿಯೊ ಕಾಲ್‌ನಲ್ಲಿ ಅಜ್ಜಿ ಕೇಳಿದಾಗ ಕಿಟಕಿಯತ್ತ ತಿರುಗಿದೆ. ನಿನ್ನೆ ತೋರಿಸಿದ್ದ ಕಡಲಿನ ಜಾಗದಲ್ಲಿ ಬರೀ ಕೆಸರು. ಕಾಲೇಜು ಮುಗಿಸಿ ಆಕ್ಲೆಂಡಿಗೆ ಬಂದು ಐದು ತಿಂಗಳಾಗಿತ್ತು. ಸೆಕೆಯಿಲ್ಲ, ಚಳಿಯಿಲ್ಲ ಎಂದು ಹೊಗಳುತ್ತ, ಕಡಲು ಕಾಣುವ ಈ ಕೋಣೆಯ ಬಾಡಿಗೆಗೇ ಅರ್ಧ ಸಂಬಳ ಸುರಿಯುತ್ತಿದ್ದೆ. ಇಳಿತದಲ್ಲಿ ಹಿಂದೆ ಸರಿದ ನೀರು ಮತ್ತೆ ಎಷ್ಟು ಹೊತ್ತಿಗೆ ತುಂಬುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಫೋನಿನಲ್ಲೇ ಹುಡುಕಿ, "ರಾತ್ರಿ ಒಂಬತ್ತೂ ಹತ್ತಕ್ಕೆ ಬತ್ತದಂತೆ ಕಣಜ್ಜಿ" ಎಂದೆ.

ನಾಲೆ ನೀರಿಗೆ ಕಾದು ಕಾದೇ ಗದ್ದೆ ಮಾಡಿದ ಅಜ್ಜಿ ಬೆರಗಾದಳು. "ಇಂತಾ ಟೇಮು ಅಂತ ಏಳಿ ನೀರು ಬುಡ್ತಾರಾ? ಅದ್ಯಾವ ಇಂಜಿನಿಯರಪ್ಪ ಅವ್ನು!"

ಈಗ ಅಜ್ಜಿ "ಉಂಡ್ಯಾ?" ಎನ್ನುವ ಮೊದಲೇ "ನೀರು ಬುಟ್ರಾ?" ಎನ್ನುತ್ತಾಳೆ. ನಾನೂ ಕಡಲು ನೋಡದೆ ಉತ್ತರ ಹೇಳುವುದಿಲ್ಲ.